ಮಹೇಲಿಯಾ ಜಾಕ್ಸನ್: ನಮ್ಮ ಕ್ವಾಯರ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ಒಂದು ಚರ್ಚಿನಲ್ಲಿ ಹಾಡು ಕಲಿಸುತ್ತೇನೆ. ಶನಿವಾರ ಸಂಜೆ ಪ್ರಾಕ್ಟೀಸು. ನಡುವೆ ಚಹಾ ಬಂದಾಗ ಮೊಬೈಲನ್ನು ಸ್ಪೀಕರಿಗೆ ಜೋಡಿಸಿ ಮಹೇಲಿಯಾ ಜಾಕ್ಸನ್ ಹಾಡು ಹಾಕುವುದು ನನ್ನ ಹಳೇ ಚಟ. ಪ್ರತಿ ವರ್ಷ ಹೊಸ ಹುಡುಗರು ಬರುತ್ತಾರೆ, ಪ್ರತಿ ವರ್ಷ ಅವೇ ಪ್ರಶ್ನೆ ಕೇಳುತ್ತಾರೆ. "ಆಂಟಿ, ಯಾರ್ರೀ ಇಕಿ? ಹಿಂಗ್ಯಾಕ ಒದರ್ತಾಳ?" ಹೇಳಿ ಹೇಳಿ ಸಾಕಾಯಿತು, ಒಮ್ಮೆ ಬರೆದು ಗ್ರೂಪಿಗೆ ಹಾಕಿಬಿಟ್ಟರೆ ಆಯಿತು ಅಂತ ಕೂತಿದ್ದೇನೆ.

ಯಾರು ಇವರು? ಚಿಕ್ಕದಾಗಿ ಹೇಳಿ.

ಅಮೆರಿಕದ ಗಾಸ್ಪೆಲ್ ಗಾಯಕಿ. ಗಾಸ್ಪೆಲ್ ಅಂದರೆ ಅಲ್ಲಿನ ಕಪ್ಪು ಜನರ ಚರ್ಚುಗಳಲ್ಲಿ ಹುಟ್ಟಿದ ದೇವರ ಹಾಡು. ಹುಟ್ಟಿದ್ದು 1911ರ ಅಕ್ಟೋಬರ್ 26, ನ್ಯೂ ಆರ್ಲಿಯನ್ಸ್‌ನಲ್ಲಿ. ತೀರಿಕೊಂಡಿದ್ದು 1972ರ ಜನವರಿ 27. ಜೀವನಪೂರ್ತಿ ದೇವರ ಹಾಡು ಬಿಟ್ಟು ಬೇರೆಯದಕ್ಕೆ ಹೆಚ್ಚು ಕೈ ಹಾಕಲಿಲ್ಲ. ಆದರೂ ಇಡೀ ಜಗತ್ತು ಕೇಳಿತು. ಹೆಸರನ್ನು "ಮಹೇಲಿಯಾ" ಅಂತಲೇ ಹೇಳಿ, ನಮ್ಮ ಟೆನರ್ ಹುಡುಗನೊಬ್ಬ "ಮಹಿಳೆಯಾ" ಅಂತಾನೆ. ಎಷ್ಟು ತಿದ್ದಿದರೂ ಅಷ್ಟೇ.

ನಿಮಗೆ ಇವರ ಹಾಡು ಸಿಕ್ಕಿದ್ದು ಎಲ್ಲಿ?

ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿದ್ದರು. ಅವರ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಆಂಗ್ಲೋ ಇಂಡಿಯನ್ ಅಂಕಲ್ ಊರು ಬಿಟ್ಟು ಹೋಗುವಾಗ ಒಂದು ಡಬ್ಬಿ ತುಂಬ ರೆಕಾರ್ಡು ಕೊಟ್ಟು ಹೋದರು. ಪ್ಲೇಯರ್ ನಮ್ಮ ಹತ್ತಿರ ಇರಲಿಲ್ಲ. ಎರಡು ವರ್ಷ ಡಬ್ಬಿ ಹಾಗೇ ಮಂಚದ ಕೆಳಗೆ ಬಿದ್ದಿತ್ತು. ಆಮೇಲೆ ಅಪ್ಪ ಎಲ್ಲಿಂದಲೋ ಹಳೇ ಪ್ಲೇಯರ್ ತಂದರು. ಮುಳ್ಳು ಸವೆದಿತ್ತು, ನಡುನಡುವೆ ಜಿಗಿಯುತ್ತಿತ್ತು, ಅಪ್ಪ ಅದರ ಮೇಲೆ ಒಂದು ನಾಲ್ಕಾಣೆ ನಾಣ್ಯ ಇಡುತ್ತಿದ್ದರು. ಡಬ್ಬಿಯಲ್ಲಿ ಒಂದು ರೆಕಾರ್ಡಿನ ಕವರಿಗೆ ನಾಲ್ಕೂ ಕಡೆ ಟೇಪು ಸುತ್ತಿತ್ತು. ದಪ್ಪ ಹೆಂಗಸು, ಕಣ್ಣು ಮುಚ್ಚಿ ಹಾಡುತ್ತಿರುವ ಫೋಟೋ. ಹಚ್ಚಿದ ಕೂಡಲೇ ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಇಂಗ್ಲಿಷ್ ಅವಳಿಗೆ ಒಂದಕ್ಷರ ಬರುತ್ತಿರಲಿಲ್ಲ. ಹಾಡು ಮುಗಿದ ಮೇಲೆ ಕೇಳಿದ್ದು ಒಂದೇ ಮಾತು: "ಯಾರರ ಸತ್ತಾರೇನ ಇಕಿ ಮನ್ಯಾಗ?"

ಬಾಲ್ಯ ಹೇಗಿತ್ತು?

ಬಡತನ. ಮೂರು ಕೋಣೆಯ ಮನೆ, ಅದರಲ್ಲಿ 13 ಜನ. ಐದು ವರ್ಷದವಳಿದ್ದಾಗ ತಾಯಿ ಹೋದರು. ದೊಡ್ಡಮ್ಮ ಬೆಳೆಸಿದರು. ಆ ದೊಡ್ಡಮ್ಮನ ಹೆಸರನ್ನೇ ಮಗುವಿಗೂ ಇಟ್ಟಿದ್ದರು. ಬಲು ಕಡಕ್ ಹೆಂಗಸು, ಕೆಲಸ ಮುಗಿಸದೆ ಕೂರಲು ಬಿಡುತ್ತಿರಲಿಲ್ಲ. ಹುಟ್ಟುವಾಗಲೇ ಕಾಲು ಸೊಟ್ಟ, ಓಣಿಯ ಹುಡುಗರು ಆಡಿಕೊಳ್ಳುತ್ತಿದ್ದರು. ಶಾಲೆ ನಾಲ್ಕನೇ ಇಯತ್ತೆಗೇ ನಿಂತಿತು. ಆಮೇಲೆ ಬೇರೆಯವರ ಮನೆಯ ಬಟ್ಟೆ ಒಗೆಯುವುದು, ಮಕ್ಕಳನ್ನು ನೋಡಿಕೊಳ್ಳುವುದು. ಹದಿನಾರರ ಹೊತ್ತಿಗೆ ಚಿಕಾಗೋ ರೈಲು ಹತ್ತಿದರು. ದಕ್ಷಿಣದ ಕಪ್ಪು ಜನ ಲಕ್ಷಗಟ್ಟಲೆ ಉತ್ತರದ ಊರುಗಳಿಗೆ ಗುಳೆ ಹೋಗುತ್ತಿದ್ದ ಕಾಲ ಅದು. ನರ್ಸ್ ಆಗಬೇಕು ಅಂತ ಆಸೆ ಇತ್ತು, ಆಗಲಿಲ್ಲ. ಅಲ್ಲಿಯೂ ಮನೆಗೆಲಸ, ಲಾಂಡ್ರಿ.

ಸಂಗೀತ ಯಾರ ಹತ್ತಿರ ಕಲಿತರು?

ಧಾರವಾಡದ ಕಡೆ ಈ ಪ್ರಶ್ನೆ ಮೊದಲು ಬರುತ್ತದೆ, ಅಲ್ವಾ? ಯಾರೇ ಹಾಡಿದರೂ "ಗುರುಗಳು ಯಾರು" ಅಂತ ಕೇಳದೆ ನಮಗೆ ಸಮಾಧಾನ ಇಲ್ಲ.

ಗುರು ಅಂತ ಯಾರೂ ಇರಲಿಲ್ಲ. ಸ್ಟಾಫ್ ನೊಟೇಶನ್, ಅಂದರೆ ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ವರಲಿಪಿ, ಓದಲು ಕೊನೆಯವರೆಗೂ ಬರಲಿಲ್ಲ. ಕಲಿತದ್ದೆಲ್ಲ ಕಿವಿಯಿಂದ, ಅದೂ ಮೂರು ಕಡೆಯಿಂದ. ಒಂದು, ಅವರ ಮನೆಯವರ ಬ್ಯಾಪ್ಟಿಸ್ಟ್ ಚರ್ಚು. ಅಲ್ಲಿ ಹಳೇ ಪದ್ಧತಿ ಒಂದಿತ್ತು: ಓದು ಬಾರದ ಜನ ಜಾಸ್ತಿ, ಹಾಗಾಗಿ ಒಬ್ಬರು ಸಾಲು ಹೇಳಿಕೊಡುವುದು, ಉಳಿದವರು ಅದನ್ನೇ ನಿಧಾನವಾಗಿ ಎಳೆದು ಹಾಡುವುದು. ನಮ್ಮ ಭಜನೆಯಲ್ಲಿ ಮುಂದಾಳು ಹೇಳಿ ಹಿಂದಿನವರು ಎತ್ತಿಕೊಳ್ಳುತ್ತಾರಲ್ಲ, ಸುಮಾರು ಹಾಗೇ. ಎರಡು, ಮನೆಯ ಹತ್ತಿರದ ಇನ್ನೊಂದು ಚರ್ಚು. ಅಲ್ಲಿ ಆರ್ಗನ್ ಇಲ್ಲ. ಡ್ರಮ್ಮು, ತಾಳ, ಖಂಜರಿ, ಚಪ್ಪಾಳೆ, ಮೈ ಪೂರ್ತಿ ಕುಣಿಸಿ ಹಾಡುವುದು. ಮೂರನೆಯದು ಚರ್ಚಿನವರಿಗೆ ಹೇಳುವಂಥದ್ದಲ್ಲ. ದೊಡ್ಡಮ್ಮ ಮನೆಯಲ್ಲಿ ಇಲ್ಲದ ಹೊತ್ತು ನೋಡಿ ಬೆಸ್ಸಿ ಸ್ಮಿತ್‌ಳ ಬ್ಲೂಸ್ ರೆಕಾರ್ಡು ಕೇಳುವುದು. ಬ್ಲೂಸ್ ಅಂದರೆ ಕಪ್ಪು ಜನರ ನೋವಿನ ಹಾಡು, ಚರ್ಚಿನದಲ್ಲ. ದನಿಯ ಆ ಭಾರ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ರೀತಿ, ಅದೆಲ್ಲ ಅಲ್ಲಿಂದ ಬಂದದ್ದು. ನಾವು ಮೀಂಡ್ ಅನ್ನುತ್ತೇವೆ, ಅವರಿಗೆ ಅದಕ್ಕೆ ಹೆಸರು ಬೇಕಾಗಿರಲಿಲ್ಲ.

ಒಂದೇ ಒಂದು ಸಲ ಪಾಠಕ್ಕೆ ಹೋಗಿದ್ದರು. ಚಿಕಾಗೋದಲ್ಲಿ ಒಬ್ಬ ಕಪ್ಪು ಪ್ರೊಫೆಸರ್, ಪಾಶ್ಚಾತ್ಯ ಶಾಸ್ತ್ರೀಯ ಹಾಡುಗಾರ. ಫೀಸು ನಾಲ್ಕು ಡಾಲರ್, ಲಾಂಡ್ರಿ ಕೆಲಸದವಳಿಗೆ ಅದು ಚಿಲ್ಲರೆ ದುಡ್ಡಲ್ಲ. ಅವರು ಕೇಳಿ ಬೈದರಂತೆ: ಹೀಗೆ ಕಿರುಚಬೇಡ, ಬಿಳಿಯರಿಗೆ ಅರ್ಥವಾಗುವ ಹಾಗೆ ಹಾಡು, ನಿನ್ನ ಹಾಡಿಕೆಯಿಂದ ನಮ್ಮ ಜನಕ್ಕೆ ಮರ್ಯಾದೆ ಇಲ್ಲ ಅಂತ. ಅಲ್ಲಿಗೆ ಪಾಠ ಮುಗಿಯಿತು, ಮತ್ತೆ ಯಾರ ಬಾಗಿಲಿಗೂ ಹೋಗಲಿಲ್ಲ. ನಮ್ಮ ಹುಡುಗರು "ಒದರ್ತಾಳ" ಅಂದಾಗ ನನಗೆ ಆ ಪ್ರೊಫೆಸರ್ ನೆನಪಾಗುತ್ತಾರೆ. ಹಾಗಂತ ಪ್ರಾಕ್ಟೀಸ್ ತಪ್ಪಿಸಲು ಇದನ್ನು ನೆಪ ಮಾಡಿಕೊಳ್ಳಬೇಡಿ, ಪ್ಲೀಸ್.

ಗಾಸ್ಪೆಲ್ ಅಂದರೆ ನಮ್ಮ ಚರ್ಚಿನ ಕೀರ್ತನೆನೇ ತಾನೇ?

ಅಲ್ಲ. ನಮ್ಮ ಕಡೆ ಹಾಡು ತಂದವರು ಬಾಸೆಲ್ ಮಿಶನ್‌ನವರು. 1834ರಲ್ಲಿ ಮಂಗಳೂರಿಗೆ ಇಳಿದರು, 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ, 1841ಕ್ಕೆ ಗದಗಿನ ಬೆಟಗೇರಿ. ಜರ್ಮನ್ ಭಾಷೆಯ ಮಿಶನರಿಗಳು, ಅವರ ಜೊತೆ ಬಂದದ್ದು ಜರ್ಮನ್ ರಾಗಗಳು. ನಾಲ್ಕು ದನಿ, ನೇರ ನಡಿಗೆ, ನೆಟ್ಟಗೆ ನಿಂತು ಪುಸ್ತಕ ಹಿಡಿದು ಹಾಡುವುದು. ನಿಘಂಟಿನ ಕಿಟೆಲ್ ಸಾಹೇಬರು ಮಾತ್ರ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ಹೊಂದಿಸಿ 1862ರಲ್ಲಿ 'ಕಥಾಮಾಲೆ' ಬರೆದರು, ಅದು ಬೇರೆ ಕಥೆ.

ಗಾಸ್ಪೆಲ್ ಹುಟ್ಟಿದ್ದು ಚಿಕಾಗೋದಂಥ ಊರುಗಳ ಕಪ್ಪು ಚರ್ಚುಗಳಲ್ಲಿ, 1930ರ ಆಸುಪಾಸು. ಅದಕ್ಕೆ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಥಾಮಸ್ ಡಾರ್ಸಿ. ಮೊದಲು ಬ್ಲೂಸ್ ಪಿಯಾನೋ ಬಾರಿಸುತ್ತಿದ್ದವರು. ಹೆರಿಗೆಯಲ್ಲಿ ಹೆಂಡತಿ ಹೋದರು, ಹಿಂದೆಯೇ ಕೂಸೂ ಹೋಯಿತು. 1932ರ ಆ ದುಃಖದಲ್ಲಿ ಬರೆದ ಹಾಡೇ 'ಟೇಕ್ ಮೈ ಹ್ಯಾಂಡ್, ಪ್ರೆಶಿಯಸ್ ಲಾರ್ಡ್'. ಈ ಡಾರ್ಸಿ ಹಾಡು ಅಚ್ಚು ಹಾಕಿಸಿ ಹಾಳೆಗಟ್ಟಲೆ ಮಾರುತ್ತಿದ್ದರು. ಹಾಳೆ ಮಾರಾಟ ಆಗಬೇಕಾದರೆ ಯಾರಾದರೂ ಹಾಡಿ ತೋರಿಸಬೇಕಲ್ಲ? ಆ ಕೆಲಸ ಮಹೇಲಿಯಾರದು. ಬೀದಿ ಮೂಲೆಯಲ್ಲಿ ನಿಂತು ಹಾಡುವುದು, ಪಕ್ಕದಲ್ಲಿ ಡಾರ್ಸಿ ಹಾಳೆ ಮಾರುವುದು. ದೊಡ್ಡ ಚರ್ಚಿನವರಿಗೆ ಇವರು ಸೇರುತ್ತಿರಲಿಲ್ಲ. ಮೈ ಕುಣಿಸುತ್ತಾಳೆ, ಚಪ್ಪಾಳೆ ತಟ್ಟುತ್ತಾಳೆ, ಇದು ದೇವರ ಮನೆಗೆ ತಕ್ಕದ್ದಲ್ಲ ಅಂತ ಪಾಸ್ಟರುಗಳೇ ಮುಖ ಗಂಟು ಹಾಕಿದ್ದುಂಟು. ಸಣ್ಣ ಚರ್ಚುಗಳಲ್ಲಿ ಕರೆದು ಹಾಡಿಸುತ್ತಿದ್ದರು.

ಅಂಥ ದನಿ ಇದ್ದೂ ಕ್ಲಬ್ಬಿನಲ್ಲಿ, ಬೇರೆ ಹಾಡಿನಲ್ಲಿ ದುಡ್ಡು ಮಾಡಲಿಲ್ಲ ಯಾಕೆ?

ನನಗೆ ಇವರ ಬಗ್ಗೆ ಹೇಳಬೇಕಾದದ್ದು ಇದೊಂದೇ, ಉಳಿದದ್ದೆಲ್ಲ ಸುಮ್ನೆ.

ಮಹೇಲಿಯಾರ ಅಜ್ಜ ಚಿಕಾಗೋಗೆ ಬಂದಿದ್ದಾಗ ಒಂದು ಫೋಟೋ ತೆಗೆಸಿಕೊಳ್ಳಿ ಅಂತ ಇವರೇ ಹಟ ಹಿಡಿದು ಕಳಿಸಿದರು. ಬಿಸಿಲಿನ ದಿನ. ಅಜ್ಜ ಅಲ್ಲೇ ಕುಸಿದು ಪ್ರಜ್ಞೆ ತಪ್ಪಿದರು. ತನ್ನಿಂದಲೇ ಆಯಿತು ಅಂತ ಇವರಿಗೆ ಕೊರಗು. ಅಜ್ಜ ಉಳಿದರೆ ಇನ್ನು ಥಿಯೇಟರ್ ಮೆಟ್ಟಿಲು ಹತ್ತುವುದಿಲ್ಲ ಅಂತ ದೇವರಿಗೆ ಹರಕೆ ಹೊತ್ತರು. ಅಜ್ಜ ಉಳಿದರು. ನಮ್ಮ ಕಡೆ ಹರಕೆ ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಹರಕೆ ಹೊರುವುದು ಸುಲಭ, ಹೊಟ್ಟೆ ಹಸಿದಾಗ ತೀರಿಸುವುದು ಕಷ್ಟ. 1936ರಲ್ಲಿ ಮದುವೆಯಾದರು. ಗಂಡ ಐಸಾಕ್ ಓದಿದವರು, ಕೆಮಿಸ್ಟ್, ಆರ್ಥಿಕ ಕುಸಿತದ ಕಾಲ, ತಕ್ಕ ಕೆಲಸ ಇಲ್ಲ. ಮೇಲೆ ಕುದುರೆ ಜೂಜಿನ ಹುಚ್ಚು. ಈ ದನಿಯನ್ನು ಚರ್ಚಿನಲ್ಲಿ ಯಾಕೆ ಹಾಳು ಮಾಡುತ್ತೀಯ, ಸ್ಟೇಜಿಗೆ ಹೋಗು ಅಂತ ಅವರದು ದಿನಾ ಒತ್ತಾಯ. ಮನೆಯಲ್ಲಿ ಕಾಸಿಲ್ಲದಾಗ ಒಂದು ಸಂಗೀತ ನಾಟಕದ ಆಯ್ಕೆಗೂ ಹೋಗಿ ಬಂದರು, ಪಾತ್ರವೂ ಸಿಕ್ಕಿತು. ಅಷ್ಟರಲ್ಲಿ ಗಂಡನಿಗೆ ಕೆಲಸ ಸಿಕ್ಕಿದ ಸುದ್ದಿ ಬಂತು, ಪಾತ್ರ ಬೇಡ ಅಂದುಬಿಟ್ಟರು. 1937ರಲ್ಲಿ ಡೆಕ್ಕಾ ಕಂಪನಿ ನಾಲ್ಕು ಹಾಡು ರೆಕಾರ್ಡ್ ಮಾಡಿತು, ಖರ್ಚಾಗಲಿಲ್ಲ. ಬ್ಲೂಸ್ ಹಾಡಿದರೆ ಮುಂದೆ ನೋಡೋಣ ಅಂದರು. ಆಗುವುದಿಲ್ಲ ಅಂದರು ಇವರು. ಕಂಪನಿ ಕೈ ಬಿಟ್ಟಿತು. ಆಮೇಲೆ 1946ರವರೆಗೆ ರೆಕಾರ್ಡೇ ಇಲ್ಲ. ಸುಮಾರು ಒಂಬತ್ತು ವರ್ಷ! ಹಾಡುವವರಿಗೆ ಇಪ್ಪತ್ತೈದರಿಂದ ಮೂವತ್ತೈದು ಅಂದರೆ ಗಂಟಲು ಹದವಾಗಿರುವ ವಯಸ್ಸು, ಆ ವಯಸ್ಸೇ ಹೋಯಿತು.

ಹೆಸರು ಬಂದ ಮೇಲೆ ಲಾಸ್ ವೇಗಸ್‌ನಿಂದ ಕರೆ ಬಂತು, ದೊಡ್ಡ ಮೊತ್ತ. ಅದಕ್ಕೂ ಇಲ್ಲ. ಕುಡಿಯುವ ಜಾಗದಲ್ಲಿ ದೇವರ ಹಾಡು ಬೇಡ ಅನ್ನುವುದು ಅವರ ಗೆರೆ.

ಆದರೆ ಗೆರೆ ನೇರ ಇತ್ತು ಅಂತ ನಾನು ಹೇಳುವುದಿಲ್ಲ. 1958ರಲ್ಲಿ ನ್ಯೂಪೋರ್ಟ್ ಜಾಝ್ ಫೆಸ್ಟಿವಲ್‌ನಲ್ಲಿ ಹಾಡಿದರು, ಅದೇ ವರ್ಷ ಜಾಝ್‌ನ ದೊಡ್ಡ ಹೆಸರು ಡ್ಯೂಕ್ ಎಲಿಂಗ್ಟನ್ ಜೊತೆ ರೆಕಾರ್ಡ್ ಮಾಡಿದರು, 1959ರಲ್ಲಿ ಸಿನಿಮಾದ ಒಂದು ಶವಸಂಸ್ಕಾರದ ದೃಶ್ಯದಲ್ಲಿ ಹಾಡಿದರು. ಆಗಲೂ ಚರ್ಚಿನವರು ಗೊಣಗಿದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಹೋದ ಕಡೆಯೆಲ್ಲ ತಮ್ಮ ಹಾಡನ್ನೇ ತೆಗೆದುಕೊಂಡು ಹೋದರು, ಅಲ್ಲಿನವರಿಗೆ ತಕ್ಕ ಹಾಗೆ ಹಾಡು ಬದಲಾಯಿಸಲಿಲ್ಲ. ನೀವು ಒಪ್ಪದಿದ್ದರೆ ಶನಿವಾರ ಬನ್ನಿ, ಜಗಳ ಆಡೋಣ.

ರೆಕಾರ್ಡ್ ಇಲ್ಲದ ಆ ವರ್ಷಗಳಲ್ಲಿ ಸಂಸಾರ ನಡೆದದ್ದು ಹೇಗೆ?

ಬ್ಯೂಟಿ ಪಾರ್ಲರ್ ಹಾಕಿದರು. ಹೂವಿನ ಅಂಗಡಿಯನ್ನೂ ಇಟ್ಟರು. ವ್ಯವಹಾರ ಚೆನ್ನಾಗಿ ಗೊತ್ತಿತ್ತು. ವಾರವೆಲ್ಲ ಕೂದಲು ನೇರ ಮಾಡುವುದು, ಶನಿವಾರ ಭಾನುವಾರ ಊರೂರು ತಿರುಗಿ ಹಾಡುವುದು.

ದೊಡ್ಡ ಹೆಸರು ಬಂದದ್ದು ಯಾವಾಗ?

1947ರ ಸೆಪ್ಟೆಂಬರ್‌ನಲ್ಲಿ ಅಪೊಲೊ ಕಂಪನಿಗೆ 'ಮೂವ್ ಆನ್ ಅಪ್ ಎ ಲಿಟಲ್ ಹೈಯರ್' ಹಾಡಿದರು. ಹಾಡು ಉದ್ದ, ನಿಮಿಷಕ್ಕೆ 78 ಸುತ್ತು ತಿರುಗುವ ಆಗಿನ ರೆಕಾರ್ಡಿನ ಒಂದು ಮಗ್ಗುಲಲ್ಲಿ ಹಿಡಿಯಲಿಲ್ಲ, ಅರ್ಧ ಈ ಕಡೆ ಅರ್ಧ ಆ ಕಡೆ. ಅಂಗಡಿಗೆ ಬಂದ ಕೂಡಲೇ ಖಾಲಿ. 1950ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಹೆಸರಾಂತ ಸಂಗೀತ ಸಭಾಂಗಣ ಕಾರ್ನೆಗಿ ಹಾಲ್. 1952ರಲ್ಲಿ ಯುರೋಪ್. 1954ರಲ್ಲಿ ಕೊಲಂಬಿಯಾ ಕಂಪನಿ, ರೇಡಿಯೋದಲ್ಲಿ ಸ್ವಂತ ಕಾರ್ಯಕ್ರಮ. 1961ರಲ್ಲಿ ಕೆನಡಿ ಅಧಿಕಾರ ವಹಿಸಿಕೊಂಡಾಗಿನ ಸಮಾರಂಭದಲ್ಲಿ ಹಾಡಿದರು.

ಇಷ್ಟೆಲ್ಲ ಆದರೂ ದಕ್ಷಿಣದ ಊರುಗಳಿಗೆ ಹೋದರೆ ಕಪ್ಪು ಜನಕ್ಕೆ ಹೋಟೆಲಿನಲ್ಲಿ ಊಟ ಇಲ್ಲ, ಮಲಗಲು ಕೋಣೆ ಇಲ್ಲ. ದೊಡ್ಡ ಕ್ಯಾಡಿಲಾಕ್ ಕಾರು ತೆಗೆದುಕೊಂಡರು. ಜನ ದೌಲತ್ತು ಅಂದುಕೊಂಡರು. ಅದರಲ್ಲೇ ಬುತ್ತಿ, ಅದರಲ್ಲೇ ನಿದ್ದೆ. 1956ರಲ್ಲಿ ಚಿಕಾಗೋದಲ್ಲಿ ಬಿಳಿಯರ ಬಡಾವಣೆಯಲ್ಲಿ ಮನೆ ಕೊಂಡರು, ಕಿಟಕಿಗೆ ಗುಂಡು ಹೊಡೆದರು. ಪೊಲೀಸ್ ಕಾವಲು ಹಾಕಬೇಕಾಯಿತು.

ಹಾಡುವ ಮೊದಲೇ ದುಡ್ಡು ಎಣಿಸಿಕೊಳ್ಳುತ್ತಿದ್ದರಂತೆ, ದೇವರ ಹಾಡಿಗೆ ಹಾಗೆ ಕೇಳುವುದು ಸರೀನಾ?

ನಿಜ, ರೊಕ್ಕ ಮುಂಗಡ, ಅದೂ ನಗದು. ಕುಪ್ಪಸದೊಳಗೆ ಇಟ್ಟುಕೊಂಡೇ ಸ್ಟೇಜು ಹತ್ತುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಸಂಘಟಕರು ಹಿಂದಿನ ಬಾಗಿಲಿಂದ ಪರಾರಿಯಾದ ಅನುಭವ ಆದ ಮೇಲೆ ಕಲಿತ ಬುದ್ಧಿ.

ನಾನಂತೂ ಸರಿ ಅನ್ನುತ್ತೇನೆ. ಕೆಲವು ವರ್ಷದ ಹಿಂದೆ ಒಂದು ಮದುವೆಗೆ ನಾವು ಹನ್ನೊಂದು ಜನ ಹಾಡಲು ಹೋಗಿದ್ದೆವು. ಟೆಂಪೋ ಬಾಡಿಗೆ ನಾನೇ ಕೊಟ್ಟಿದ್ದೆ. ಊಟಕ್ಕೆ ಕೂತಾಗ ಹುಡುಗಿಯ ಮಾವ ಬಂದು "ಅಕ್ಕಾರ, ದೇವರ ಸೇವೆ ಮಾಡೀರಿ, ದೇವರು ನಿಮಗ ಛಲೋ ಮಾಡಲಿ" ಅಂದರು. ಅಷ್ಟೇ. ಡಿಜೆಯವನಿಗೆ ಮಾತ್ರ ಅಲ್ಲೇ ನೋಟು ಎಣಿಸಿ ಕೊಟ್ಟರು, ನಾನು ಹೋಳಿಗೆ ಮುರಿಯುತ್ತಾ ನೋಡುತ್ತಾ ಕೂತಿದ್ದೆ. ಈಗ ಮೊದಲೇ ಅರ್ಧ ಇಸಿದುಕೊಳ್ಳುತ್ತೇನೆ. ಕುಪ್ಪಸದಲ್ಲಲ್ಲ, ಫೋನ್ ಪೇಯಲ್ಲಿ.

ಇನ್ನೊಂದು ಮಾತು ಹೇಳಲೇಬೇಕು. ತಮ್ಮ ರೊಕ್ಕಕ್ಕೆ ಇಷ್ಟು ಗಟ್ಟಿ ಇದ್ದವರು ಪಿಯಾನೋದ ಮಿಲ್ಡ್ರೆಡ್ ಫಾಲ್ಸ್‌ಗೆ ಕೊಡುವಾಗ ಕೈ ಬಿಗಿ ಮಾಡಿದರು. ವರ್ಷಗಟ್ಟಲೆ ಸಾಥ್ ಕೊಟ್ಟ ಹೆಂಗಸು. ಮಹೇಲಿಯಾ ತಾಳ ಎಲ್ಲಿ ಎಳೆಯುತ್ತಾರೆ, ಎಲ್ಲಿ ಬಿಡುತ್ತಾರೆ ಅಂತ ಉಸಿರು ನೋಡಿ ಬಾರಿಸುತ್ತಿದ್ದವರು. ಕೊನೆಗೆ ಮನಸ್ತಾಪವಾಗಿ ದೂರವಾದರು. ಹಾರ್ಮೋನಿಯಂ ಸಾಥಿನವರ ಪಾಡು ಎಲ್ಲ ಕಡೆ ಒಂದೇ ಅಂತ ನಮ್ಮ ಮಾಸ್ತರು ಇದನ್ನು ಕೇಳಿ ನಕ್ಕರು, ಆ ನಗು ಅಷ್ಟು ಚೆನ್ನಾಗಿರಲಿಲ್ಲ.

ಮಾರ್ಟಿನ್ ಲೂಥರ್ ಕಿಂಗ್‌ಗೂ ಇವರಿಗೂ ಏನು ಸಂಬಂಧ?

ಗೆಳೆತನ. ಕಿಂಗ್ ಅಂದರೆ ಅಮೆರಿಕದ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಪಾಸ್ಟರ್. 1956ರಲ್ಲಿ ಪರಿಚಯ. ಬಸ್ಸಿನಲ್ಲಿ ಬಿಳಿಯರಿಗೆ ಬೇರೆ ಸೀಟು ಅನ್ನುವ ನಿಯಮ ವಿರೋಧಿಸಿ ದಕ್ಷಿಣದ ಮಾಂಟ್ಗೊಮೆರಿಯಲ್ಲಿ ಕಪ್ಪು ಜನ ಬಸ್ ಹತ್ತುವುದಿಲ್ಲ ಅಂತ ಒಂದು ವರ್ಷ ನಡೆದೇ ಓಡಾಡಿದರಲ್ಲ, ಅವರಿಗಾಗಿ ಆ ಡಿಸೆಂಬರ್‌ನಲ್ಲಿ ಹೋಗಿ ಹಾಡಿ ಬಂದರು. ಉಳಿದುಕೊಂಡದ್ದು ಕಿಂಗ್ ಜೊತೆಗಾರ ಪಾಸ್ಟರ್ ಅಬರ್ನಾತಿಯವರ ಮನೆಯಲ್ಲಿ. ಮುಂದಿನ ತಿಂಗಳು, 1957ರ ಜನವರಿಯಲ್ಲಿ, ಆ ಮನೆಗೆ ಬಾಂಬ್ ಬಿತ್ತು.

1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನ ದೊಡ್ಡ ಸಭೆ. ಕಿಂಗ್ ಭಾಷಣಕ್ಕೆ ಮುಂಚೆ ಇವರು ಹಾಡಿದರು. ಕಿಂಗ್ ಬರೆದುಕೊಂಡು ಬಂದದ್ದನ್ನು ಓದುತ್ತಿದ್ದರು. ಹಿಂದಿನಿಂದ ಮಹೇಲಿಯಾ, "ಕನಸಿನ ವಿಷಯ ಹೇಳು ಮಾರ್ಟಿನ್" ಅಂತ ಕೂಗಿದರು. ಹತ್ತಿರವೇ ನಿಂತಿದ್ದ ಕಿಂಗ್‌ರ ವಕೀಲ ಕ್ಲಾರೆನ್ಸ್ ಜೋನ್ಸ್ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ಕಿಂಗ್ ಕಾಗದ ಪಕ್ಕಕ್ಕೆ ಸರಿಸಿದರು. ಆಮೇಲಿನದು, 'ನನಗೊಂದು ಕನಸಿದೆ' ಅನ್ನುವ ಭಾಗ, ನಿಮ್ಮ ಶಾಲೆಯ ಪುಸ್ತಕದಲ್ಲೇ ಇದೆ. ಚರ್ಚಿನಲ್ಲಿ ಪ್ರಸಂಗ ಮಾಡುವಾಗ ಹಿಂದಿನ ಬೆಂಚಿನ ಅಜ್ಜಿಯರು "ಆಮೆನ್, ಹೇಳ್ರಿ ಪಾಸ್ಟರ್" ಅನ್ನುತ್ತಾರಲ್ಲ, ಅದೇ ಅಭ್ಯಾಸ ಇದು.

1968ರಲ್ಲಿ ಕಿಂಗ್ ಕೊಲೆಯಾದಾಗ ಅಂತ್ಯಕ್ರಿಯೆಯಲ್ಲಿ ಡಾರ್ಸಿಯ 'ಪ್ರೆಶಿಯಸ್ ಲಾರ್ಡ್' ಹಾಡನ್ನೇ ಹಾಡಿದರು.

ನೀವು ಯಾವಾಗಲೂ ಗಂಗೂಬಾಯಿಯವರ ಹೆಸರು ಯಾಕೆ ತರುತ್ತೀರಿ?

ಹುಬ್ಬಳ್ಳಿಯವಳು, ತರದೆ ಏನು ಮಾಡಲಿ? ಗಂಗೂಬಾಯಿ ಹಾನಗಲ್ ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಇವರಿಗಿಂತ ಎರಡು ವರ್ಷಕ್ಕೆ ಚಿಕ್ಕವರು. ಸಂಗೀತ ಪೂರ್ತಿ ಬೇರೆ. ಅಲ್ಲಿ ಗುರುವಿಲ್ಲ, ಇಲ್ಲಿ ಕುಂದಗೋಳದ ಸವಾಯಿ ಗಂಧರ್ವರ ಹತ್ತಿರ ರೈಲಿನಲ್ಲಿ ಓಡಾಡಿ ಕಲಿತ ವಿದ್ಯೆ. ಅದಕ್ಕೆ ಎಳೆದು ತಂದು ಹೋಲಿಸುವುದು ತಪ್ಪು ಅಂತ ನನಗೂ ಗೊತ್ತು. ಆದರೆ ಆ ಭಾರದ ದನಿ ನೋಡಿ. ಗಂಗೂಬಾಯಿಯವರದು ಮೊದಲು ತೆಳು ದನಿ, ಗಂಟಲಿನ ಚಿಕಿತ್ಸೆ ಆದ ಮೇಲೆ ಗಂಡು ದನಿಯಂತೆ ದಪ್ಪಗಾಯಿತು. ಇನ್ನೊಬ್ಬರಾಗಿದ್ದರೆ ಹಾಡು ಬಿಡುತ್ತಿದ್ದರು, ಇವರು ಅದನ್ನೇ ತಮ್ಮ ಗುರುತು ಮಾಡಿಕೊಂಡರು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ಎದುರು ಸ್ವಾಗತ ಗೀತೆ ಹಾಡಿದ ಹುಡುಗಿ, ಊಟವಾದ ಮೇಲೆ ಜಾತಿ ನೋಡಿ ತನ್ನ ಎಲೆ ತನಗೇ ಎತ್ತಲು ಹೇಳುತ್ತಾರೇನೋ ಅಂತ ಹೆದರಿದ್ದಳು. ಮಹೇಲಿಯಾ ಹೋಟೆಲ್ ಬಾಗಿಲಲ್ಲಿ ನಿಂತದ್ದು ಓದಿದಾಗ ನನಗೆ ಆ ಎಲೆ ನೆನಪಾಗುತ್ತದೆ.

ಭಾರತಕ್ಕೆ ಬಂದಿದ್ದರಾ?

ಬಂದಿದ್ದರು, 1971ರಲ್ಲಿ. ಅಮೆರಿಕ ಸರ್ಕಾರವೇ ಕಳಿಸಿತ್ತು. ಕಲ್ಕತ್ತಾ, ದಿಲ್ಲಿ, ಮದ್ರಾಸ್, ಬೊಂಬಾಯಿ. ಇಂದಿರಾ ಗಾಂಧಿಯವರನ್ನೂ ಕಂಡರು. ಹುಬ್ಬಳ್ಳಿಗೆ ಬರಲಿಲ್ಲ ಬಿಡಿ. ಗಂಗೂಬಾಯಿಯವರಿಗೆ ಪದ್ಮಭೂಷಣ ಬಂದದ್ದೂ ಅದೇ ವರ್ಷ.

ಮಕ್ಕಳು, ಮನೆ, ಕೊನೆಗಾಲ?

ಎರಡು ಮದುವೆ, ಎರಡೂ ಮುರಿದವು. ಮಕ್ಕಳಿರಲಿಲ್ಲ. ಹೃದಯದ ತೊಂದರೆ, ಸಕ್ಕರೆ ಕಾಯಿಲೆ. 1971ರ ಕೊನೆಯ ಹೊತ್ತಿಗೆ ಜರ್ಮನಿಯಲ್ಲಿ ಹಾಡುವಾಗ ಆರೋಗ್ಯ ಕೆಟ್ಟು ವಾಪಸ್ ಬಂದರು, ಮತ್ತೆ ಸ್ಟೇಜು ಹತ್ತಲಿಲ್ಲ. ತೀರಿಕೊಂಡಾಗ 60 ವರ್ಷ. ಚಿಕಾಗೋದ ಅಂತ್ಯಕ್ರಿಯೆಯಲ್ಲಿ ಗಾಯಕಿ ಅರೆತಾ ಫ್ರಾಂಕ್ಲಿನ್ ಹಾಡಿದರು. ಮಣ್ಣು ಮಾಡಿದ್ದು ತವರಿನ ಕಡೆ, ನ್ಯೂ ಆರ್ಲಿಯನ್ಸ್ ಪಕ್ಕದ ಮೆಟೈರಿಯಲ್ಲಿ.

ನಾವು ಇವರ ಹಾಗೆ ಹಾಡಬಹುದಾ?

ಬೇಡ. ನಾನು ಹಾಡಿ ನೋಡಿದ್ದೇನೆ. ಇಪ್ಪತ್ತೆರಡರ ವಯಸ್ಸಿನಲ್ಲಿ ಒಂದು ಕ್ರಿಸ್ಮಸ್‌ಗೆ ಆ ದಪ್ಪ ದನಿ ತೆಗೆಯಲು ಹೋಗಿ, ಕೇಶ್ವಾಪುರದ ಕ್ಯಾರೋಲ್ ರೌಂಡ್ಸ್ ಮುಗಿಯುವಷ್ಟರಲ್ಲಿ ಗಂಟಲು ಕೂತು ಹೊಸ ವರ್ಷದವರೆಗೆ ಪಿಸುಗುಟ್ಟಿಕೊಂಡೇ ಇದ್ದೆ. ಅವರ ಉಸಿರು ನೋಡಿ ಕಲಿಯಿರಿ. ಸಾಲಿನ ನಡುವೆ, ಯಾರೂ ತಗೊಳ್ಳದ ಕಡೆ ಉಸಿರು ತಗೊಳ್ಳುತ್ತಾರೆ, ಆದರೂ ಮಾತು ಮುರಿಯುವುದಿಲ್ಲ.

ಕನ್ನಡದಲ್ಲಿ ಇಂಥ ಹಾಡು ಆಗುತ್ತದಾ?

ಆಗಬೇಕು. ನಮ್ಮ ಮಾತು ಸ್ವರಾಕ್ಷರದಲ್ಲೇ ಮುಗಿಯುತ್ತದೆ, ಎಳೆಯಲು ಇಂಗ್ಲಿಷಿಗಿಂತ ಸುಲಭ. ತೊಂದರೆ ಬೇರೆ ಇದೆ. ನಮ್ಮಲ್ಲಿ ಗಿಡ್ಡಕ್ಷರ ಎಳೆದರೆ ಅರ್ಥವೇ ಬದಲಾಗುತ್ತದೆ. ಹೋದ ವರ್ಷ ನಿಧಾನದ ಒಂದು ಗಾಸ್ಪೆಲ್ ರಾಗಕ್ಕೆ ನಾನೇ ಕನ್ನಡ ಸಾಲು ಕೂಡಿಸಿದೆ. "ದೇವರೇ ನನ್ನ ಬಲ" ಅಂತ ಮುಗಿಯಬೇಕು. ರಾಗ ಆ "ಬ" ಮೇಲೆ ನಾಲ್ಕು ಮಾತ್ರೆ ನಿಲ್ಲುತ್ತದೆ. ಎಲ್ಲರೂ ಕಣ್ಣು ಮುಚ್ಚಿ, ಮೈ ಮರೆತು, "ದೇವರೇ ನನ್ನ ಬಾ...ಲ" ಅಂತ ಹಾಡಿದರು. ಹಿಂದಿನ ಸಾಲಿನ ಬೇಸ್ ಹುಡುಗರು ಮೊದಲು ನಕ್ಕರು, ಆಮೇಲೆ ಆಲ್ಟೊದವರು, ಕೊನೆಗೆ ಪಾಸ್ಟರ್ ಕೂಡ ಬಾಗಿಲಾಚೆ ಹೋಗಿ ನಿಂತರು. ಆ ಸಾಲು ಇನ್ನೂ ಸರಿಹೋಗಿಲ್ಲ. "ಬಲ" ತೆಗೆದು "ಆಸರೆ" ಹಾಕಿ ನೋಡಿದೆ, "ಆ" ಮೇಲೆ ನಿಲ್ಲಲು ಛಲೋ ಆಗುತ್ತದೆ, ಆದರೆ ಒಂದಕ್ಷರ ಹೆಚ್ಚಾಗಿ ಕೊನೆಗೆ ಓಡಬೇಕಾಗುತ್ತದೆ. ಯಾರಿಗಾದರೂ ಎರಡಕ್ಷರದ, ಮೊದಲಕ್ಷರ ದೀರ್ಘ ಇರುವ ಮಾತು ಹೊಳೆದರೆ ಶನಿವಾರ ಆರಕ್ಕೆ ಬರುವಾಗ ಬರೆದುಕೊಂಡು ಬನ್ನಿ.